ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಿದೆ: ನಿಲ್ಲಿಸಬೇಕಾ, ಓಡಿಸಬಹುದಾ?

ಗಾಡಿ ಚೆನ್ನಾಗೇ ಓಡುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ಮೀಟರ್ ಪಕ್ಕ ಒಂದು ದೀಪ ಹತ್ತುತ್ತದೆ. ಕೆಲವರು ಗಾಬರಿಬಿದ್ದು ನಡುರಸ್ತೆಯಲ್ಲೇ ನಿಲ್ಲಿಸುತ್ತಾರೆ. ಇನ್ನು ಕೆಲವರು "ಸೆನ್ಸರ್ ಏನೋ ಇರಬೇಕು ಬಿಡಿ" ಅಂತ ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾರೆ. ಮೊದಲನೆಯದು ಅಪಾಯ, ಎರಡನೆಯದು ಕೆಲವೊಮ್ಮೆ ಇಂಜಿನ್ನಿಗೇ ಕುತ್ತು.

ದೀಪ ತೋರಿಸುವುದು ತೊಂದರೆ ಯಾವ ಕಡೆ ಇದೆ ಅನ್ನುವುದನ್ನು ಮಾತ್ರ. ಯಾವ ಪಾರ್ಟ್ ಹೋಗಿದೆ ಅಂತ ಅದು ಹೇಳುವುದಿಲ್ಲ. ದೀಪದ ಜೊತೆಗೆ ಗಾಡಿಯ ಸದ್ದು, ವಾಸನೆ, ಪೆಡಲ್, ಸ್ಟೇರಿಂಗ್ ಹೇಗಿವೆ ಅಂತ ಸೇರಿಸಿ ನೋಡಿದರೆ ಪತ್ತೆಯ ಅರ್ಧ ಕೆಲಸ ನೀವೇ ಮಾಡಬಹುದು. ಅದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

ಮೊದಲು ಬಣ್ಣ ನೋಡಿ

ಕೆಂಪು ಅಂದರೆ ಜಾಗ ನೋಡಿಕೊಂಡು ಬೇಗ ನಿಲ್ಲಿಸಿ (ಬ್ಯಾಟರಿ ದೀಪದ ಲೆಕ್ಕ ಮಾತ್ರ ಸ್ವಲ್ಪ ಬೇರೆ, ಅದನ್ನೂ ಮುಂದೆ ನೋಡೋಣ). ಹಳದಿ ಅಂದರೆ ಸದ್ಯಕ್ಕೆ ಓಡಿಸಬಹುದು, ಆದರೆ ತೋರಿಸಬೇಕು. ಹಸಿರು, ನೀಲಿ ಬರೀ ಮಾಹಿತಿ. ಹಳದಿ ದೀಪ ಮಿನುಗುತ್ತಿದ್ದರೆ ಅರ್ಥ ಬೇರೆ, ಅದನ್ನು ಮುಂದೆ ನೋಡೋಣ.

ಬಣ್ಣಕ್ಕಿಂತ ಮೊದಲು ಮಾಡಬಹುದಾದ ಒಂದು ಪುಕ್ಕಟೆ ಪರೀಕ್ಷೆ ಇದೆ. ಸ್ಟಾರ್ಟ್ ಮಾಡದೆ ಕೀಯನ್ನು ಆನ್ ಸ್ಥಾನಕ್ಕೆ ತಿರುಗಿಸಿ. ಬಟನ್ ಇರುವ ಗಾಡಿಯಲ್ಲಿ ಬ್ರೇಕನ್ನಾಗಲೀ ಕ್ಲಚ್ಚನ್ನಾಗಲೀ ಒತ್ತದೆ ಎರಡು ಸಲ ಬಟನ್ ಒತ್ತಿದರೆ ಹೆಚ್ಚಿನವುಗಳಲ್ಲಿ ಇದೇ ಸ್ಥಿತಿ ಬರುತ್ತದೆ. ಆಗ ಮುಖ್ಯ ದೀಪಗಳೆಲ್ಲ ಒಮ್ಮೆ ಹತ್ತಬೇಕು. ಕೆಲವು ಕೆಲವೇ ಸೆಕೆಂಡಿನಲ್ಲಿ ಆರುತ್ತವೆ, ಆಯಿಲ್ ಮತ್ತು ಬ್ಯಾಟರಿ ದೀಪ ಇಂಜಿನ್ ಸ್ಟಾರ್ಟ್ ಆದಮೇಲೆ ಆರುತ್ತವೆ. ಇದು ದೀಪಗಳ ಸ್ವಂತ ತಪಾಸಣೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗಂತೂ ಇದನ್ನು ಮರೆಯಲೇಬೇಡಿ. ಏರ್‌ಬ್ಯಾಗ್ ದೀಪವೋ ಚೆಕ್ ಇಂಜಿನ್ ದೀಪವೋ ಆಗ ಹತ್ತಲೇ ಇಲ್ಲ ಅಂದರೆ, ಯಾರೋ ಬಲ್ಬ್ ತೆಗೆದು ದೋಷ ಮುಚ್ಚಿಟ್ಟಿರುವ ಸಾಧ್ಯತೆ ಇದೆ.

ಕೆಂಪು ಬಣ್ಣದಲ್ಲಿ ಎಣ್ಣೆ ತೊಟ್ಟಿಕ್ಕುವ ಚಿತ್ರ

ಎಲ್ಲಾ ದೀಪಗಳಲ್ಲಿ ಇದಕ್ಕೇ ಕಡಿಮೆ ಸಮಯ ಇರುವುದು. ಇದು ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಆಯಿಲ್ ಒತ್ತಡ ಸಾಲುತ್ತಿಲ್ಲ ಅಂತ ಹೇಳುತ್ತದೆ. ಒತ್ತಡ ಇಲ್ಲ ಅಂದರೆ ಬೇರಿಂಗುಗಳಿಗೆ ಆಯಿಲ್ ಮುಟ್ಟುತ್ತಿಲ್ಲ. ಕೆಲವೇ ನಿಮಿಷದಲ್ಲಿ ಇಂಜಿನ್ ಸೀಜ್ ಆಗಿ, ಅಂದರೆ ಕಚ್ಚಿಕೊಂಡು, ನಿಂತುಹೋಗಬಹುದು. ಆದ್ದರಿಂದ "ಮುಂದಿನ ಬಂಕ್‌ವರೆಗೆ ಹೋಗೋಣ" ಅನ್ನುವ ಲೆಕ್ಕ ಇಲ್ಲಿ ಬೇಡ. ಪಕ್ಕಕ್ಕೆ ತೆಗೆದುಕೊಂಡು ಇಂಜಿನ್ ಆಫ್ ಮಾಡಿ.

ಸಮತಟ್ಟು ಜಾಗದಲ್ಲಿ ಐದು ಹತ್ತು ನಿಮಿಷ ಬಿಡಿ, ಆಯಿಲ್ ಕೆಳಗಿಳಿಯಲಿ. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ನೋಡಿ. ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಕಮ್ಮಿ ಇದ್ದರೆ ಸರಿಯಾದ ಗ್ರೇಡಿನ ಆಯಿಲ್ ಸ್ವಲ್ಪ ಸ್ವಲ್ಪವೇ ಹಾಕಿ, ನೋಡುತ್ತಾ ಹಾಕಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಕೆಳಗಿನ ಗುರುತಿಂದ ಮೇಲಿನದಕ್ಕೆ ಸುಮಾರು ಒಂದು ಲೀಟರ್ ಹಿಡಿಸುತ್ತದೆ. ಜಾಸ್ತಿ ಆದರೂ ತೊಂದರೆಯೇ.

ಆಮೇಲೆ ಗಾಡಿಯ ಕೆಳಗೆ ಬಗ್ಗಿ ನೋಡಿ. ಸ್ವಲ್ಪ ಹಿಂದೆ ಎತ್ತರದ ಹಂಪಿಗೋ ಕಲ್ಲಿಗೋ ಅಡಿ ತಾಗಿದ ಸದ್ದು ಬಂದಿತ್ತಾ? ಹಾಗಿದ್ದರೆ ಆಯಿಲ್ ಚೇಂಬರ್ ಒಡೆದಿರಬಹುದು. ಕೆಳಗೆ ಆಯಿಲ್ ಸೋರುತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಟೋಯಿಂಗ್‌ನವರನ್ನು ಕರೆಸಿ.

ದೀಪ ಯಾವಾಗ ಹತ್ತಿತು ಅನ್ನುವುದರಲ್ಲೂ ಸುಳಿವು ಇದೆ. ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಮಿಂಚಿ ಆರುತ್ತಿದ್ದರೆ ಆಯಿಲ್ ಕಮ್ಮಿ ಇರುವುದೇ ಹೆಚ್ಚು. ಇರುವ ಚೂರು ಆಯಿಲ್ ಒಂದು ಕಡೆ ಸರಿದಾಗ ಪಂಪಿಗೆ ಸಿಗುವುದಿಲ್ಲ. ಇಂಜಿನ್ ಕಾದು ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬಂದು, ಆಕ್ಸಿಲರೇಟರ್ ಕೊಟ್ಟಾಗ ಆರಿದರೆ, ಆಯಿಲ್ ತೆಳುವಾಗಿರಬಹುದು ಅಥವಾ ಇಂಜಿನ್ ಒಳಗೆ ಸವೆದಿರಬಹುದು. ಲೆವೆಲ್ ಸರಿ ಇದೆ, ಸದ್ದೂ ಇಲ್ಲ, ಆದರೂ ದೀಪ ಆರುತ್ತಿಲ್ಲ ಅಂದರೆ ಆಯಿಲ್ ಪ್ರೆಶರ್ ಸ್ವಿಚ್ಚೇ ಹೋಗಿರಬಹುದು. ಅದು ಅಗ್ಗದ ಪಾರ್ಟ್. ಆದರೆ ಹಾಗೆ ಊಹೆ ಮಾಡಿಕೊಂಡು ಓಡಿಸಬಾರದು. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ಒತ್ತಡ ಅಳೆದ ಮೇಲೆಯೇ ಅದು ಖಾತ್ರಿಯಾಗುವುದು. ಇದು ಮೆಕ್ಯಾನಿಕ್ ಕೆಲಸ.

ಇದೇ ಚಿತ್ರ ಕೆಲವು ಗಾಡಿಗಳಲ್ಲಿ ಹಳದಿಯಾಗಿ, ಕೆಳಗೆ ಅಲೆ ಗೆರೆಯ ಜೊತೆ ಬರುತ್ತದೆ. ಅದು ಬರೀ ಲೆವೆಲ್ ಕಮ್ಮಿ ಅನ್ನುವ ಸೂಚನೆ, ಇವತ್ತೇ ಹಾಕಿಸಿದರೆ ಆಯಿತು.

ಕೆಂಪು ಥರ್ಮಾಮೀಟರ್, ಅಥವಾ ಮುಳ್ಳು ಮೇಲಕ್ಕೆ ಹೋಗಿದೆ

ಈಗಿನ ಎಷ್ಟೋ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ನೀಲಿ ದೀಪ ಬಂದರೆ ಇಂಜಿನ್ ತಣ್ಣಗಿದೆ, ಕೆಂಪು ಬಂದರೆ ಕುದಿಯುತ್ತಿದೆ, ಅಷ್ಟೇ. ನೀಲಿ ದೀಪ ಕಾಲು ಗಂಟೆ ಓಡಿಸಿದರೂ ಆರದೇ ಇದ್ದರೆ ಇಂಜಿನ್ ತಂಪು ಮಾಡುವ ನೀರಿನ ಹರಿವು ನೋಡಿಕೊಳ್ಳುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಅದಕ್ಕೆ ಅವಸರ ಇಲ್ಲ, ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಕೆಂಪು ಬಂದರೆ ಮೊದಲು ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ವೇಗಕ್ಕೆ ತಿರುಗಿಸಿ, ಕಿಟಕಿ ಇಳಿಸಿ. ಒಳಗೆ ಕೂರುವುದು ಹಿಂಸೆ, ನಿಜ. ಆದರೆ ಇಂಜಿನ್ನಿನ ಶಾಖ ಸ್ವಲ್ಪ ಈ ದಾರಿಯಲ್ಲಿ ಹೊರಗೆ ಹೋಗುತ್ತದೆ. ಅಷ್ಟರಲ್ಲಿ ನಿಲ್ಲಿಸಲು ಜಾಗ ಹುಡುಕಿ, ಸಿಕ್ಕಿದ ತಕ್ಷಣ ಇಂಜಿನ್ ಆಫ್ ಮಾಡಿ. ಚಾರ್ಮಾಡಿ, ಶಿರಾಡಿ, ಆಗುಂಬೆ ಏರುವಾಗ ಹೀಗಾದರೆ ತಿರುವಿನಲ್ಲಿ ನಿಲ್ಲಿಸಬೇಡಿ. ಹಿಂದಿನವರಿಗೆ ಕಾಣುವ ಜಾಗದಲ್ಲಿ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ತ್ರಿಕೋನ ಫಲಕ ಇಡಿ, ಚಕ್ರಕ್ಕೆ ಕಲ್ಲು ಕೊಡಿ.

ಇನ್ನು ಮುಖ್ಯವಾದ ಎಚ್ಚರಿಕೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ವಿಸಿಲ್ ಇಳಿಯದ ಕುಕ್ಕರನ್ನು ಒತ್ತಿ ತೆಗೆದ ಹಾಗೆ ಆಗುತ್ತದೆ. ಒಳಗಿನ ನೀರು ನೂರು ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಅಷ್ಟೂ ಚಿಮ್ಮಿ ಮುಖ, ಕೈ ಸುಡುತ್ತದೆ. ಕಡಿಮೆ ಅಂದರೂ ಮುಕ್ಕಾಲು ಗಂಟೆ ಕಾಯಿರಿ. ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಇಂಜಿನ್ನಿನ ಮೇಲಿನ ಭಾಗವಾದ ಹೆಡ್ ಬಿರುಕು ಬಿಡಬಹುದು. ಫ್ಯಾನಿನ ಹತ್ತಿರ ಕೈ ಇಡಬೇಡಿ. ಇಂಜಿನ್ ಆಫ್ ಇದ್ದರೂ ಕೆಲವು ಗಾಡಿಗಳಲ್ಲಿ ಅದು ತಾನಾಗಿ ತಿರುಗುತ್ತದೆ.

ತಣ್ಣಗಾದ ಮೇಲೆ ಕೂಲೆಂಟ್ (ಇಂಜಿನ್ ತಂಪು ಮಾಡುವ ದ್ರವ) ಡಬ್ಬಿ ನೋಡಿ. ಖಾಲಿ ಇದ್ದರೆ ಎಲ್ಲಿಗೆ ಹೋಯಿತು? ಹೋಸ್ ಪೈಪುಗಳ ತುದಿ, ರೇಡಿಯೇಟರ್ ಕೆಳಭಾಗ, ಡ್ರೈವರ್ ಪಕ್ಕದ ಸೀಟಿನ ಕಾಲಡಿಯ ಮ್ಯಾಟ್ ನೋಡಿ. ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಒಳಗಿನ ಹೀಟರ್ ಕೋರ್ ಸೋರುತ್ತಿದೆ. ಆಪತ್ತಿಗೆ ಕುಡಿಯುವ ನೀರನ್ನೇ ಹಾಕಿ ಹತ್ತಿರದ ಗ್ಯಾರೇಜ್ ತಲುಪಬಹುದು. ಆಮೇಲೆ ಅದನ್ನು ಬಸಿದು ಸರಿಯಾದ ಕೂಲೆಂಟ್ ತುಂಬಿಸಿ, ಇಲ್ಲದಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ.

ಡಬ್ಬಿ ತುಂಬಿದ್ದರೆ ನೆನಪು ಮಾಡಿಕೊಳ್ಳಿ, ಬಿಸಿ ಏರಿದ್ದು ಎಲ್ಲಿ? ಸಿಲ್ಕ್ ಬೋರ್ಡ್ ಜಾಮಿನಲ್ಲಿ ಏರಿ, ಗಾಡಿ ಓಡಲು ಶುರುವಾದ ಮೇಲೆ ಇಳಿದರೆ ಫ್ಯಾನ್ ಮೇಲೆ ಅನುಮಾನ. ಎಸಿ ಹಾಕಿದಾಗ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಕೊನೆಗೆ ಮೋಟಾರ್ ನೋಡಿಸಿ. ಬದಲಿಗೆ ಹೈವೇನಲ್ಲಿ, ಏರಿನಲ್ಲಿ ಮಾತ್ರ ಬಿಸಿ ಆದರೆ ರೇಡಿಯೇಟರ್ ಕಟ್ಟಿಕೊಂಡಿರುವುದು, ಥರ್ಮೋಸ್ಟಾಟ್ ಅಥವಾ ವಾಟರ್ ಪಂಪ್ ತೊಂದರೆ ಇರಬಹುದು.

ಮುಳ್ಳು ಮೇಲೆ ಹೋಗಿ ಸಡನ್ನಾಗಿ ಕೆಳಗಿಳಿದರೆ ಖುಷಿಪಡಬೇಡಿ. ಕೂಲೆಂಟ್ ಪೂರ್ತಿ ಹೋಗಿ ಸೆನ್ಸರ್ ಬರೀ ಗಾಳಿಯಲ್ಲಿದ್ದರೂ ಹೀಗೆ ತೋರಿಸುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ನೊರೆ, ಸೈಲೆನ್ಸರಿನಲ್ಲಿ ಬಿಡದೆ ಬರುವ ಬಿಳಿ ಹೊಗೆ, ಇವು ಕಂಡರೆ ಹೆಡ್ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಬಲವಾದ ಅನುಮಾನ. ಅಲ್ಲಿಂದ ಮುಂದೆ ಟೋಯಿಂಗೇ ಸರಿ.

ಬ್ಯಾಟರಿ ಚಿತ್ರ ಕೆಂಪಾಗಿದೆ, ಗಾಡಿ ಮಾತ್ರ ಓಡುತ್ತಿದೆ

ಬ್ಯಾಟರಿ ಹೋಗಿದೆ ಅಂತ ತಕ್ಷಣ ಹೊಸದಕ್ಕೆ ದುಡ್ಡು ಹಾಕಬೇಡಿ. ಈ ದೀಪ ಹೇಳುವುದು ಚಾರ್ಜ್ ಆಗುತ್ತಿಲ್ಲ ಅಂತ. ನಮ್ಮ ಕಡೆ ಗ್ಯಾರೇಜುಗಳಲ್ಲಿ ಡೈನಮೋ ಅನ್ನುವ ಆಲ್ಟರ್ನೇಟರ್, ಅದರ ಬೆಲ್ಟ್, ಅದರ ವೈರ್, ಬ್ಯಾಟರಿ ಟರ್ಮಿನಲ್, ಇವುಗಳಲ್ಲಿ ಯಾವುದಾದರೂ ಇರಬಹುದು. ಈಗ ನಿಮ್ಮ ಗಾಡಿ ಬ್ಯಾಟರಿಯಲ್ಲಿ ಉಳಿದಿರುವ ಚಾರ್ಜಿನ ಮೇಲೆ ಮಾತ್ರ ಓಡುತ್ತಿದೆ. ಹಗಲು ಹೊತ್ತಾದರೆ ಅರ್ಧ ಗಂಟೆಯೋ ಒಂದು ಗಂಟೆಯೋ ಸಿಗಬಹುದು. ರಾತ್ರಿ ಹೆಡ್‌ಲೈಟ್ ಉರಿಯುತ್ತಿದ್ದರೆ ಇನ್ನೂ ಕಮ್ಮಿ. ಎಸಿ, ಮ್ಯೂಸಿಕ್, ಫೋನ್ ಚಾರ್ಜರ್ ಎಲ್ಲ ಆಫ್ ಮಾಡಿ ಗ್ಯಾರೇಜ್ ಕಡೆ ಹೊರಡಿ. ದಾರಿಯಲ್ಲಿ ಇಂಜಿನ್ ಆಫ್ ಮಾಡಬೇಡಿ, ಮತ್ತೆ ಸೆಲ್ಫ್ ಹೊಡೆಯಲು ಬಲ ಇರುವುದಿಲ್ಲ.

ಇದಕ್ಕೆ ಒಂದು ವಿನಾಯಿತಿ ಇದೆ. ಬ್ಯಾಟರಿ ದೀಪದ ಜೊತೆಗೆ ಬಿಸಿಯೂ ಏರುತ್ತಿದ್ದರೆ, ಅಥವಾ ಸ್ಟೇರಿಂಗ್ ಗಟ್ಟಿಯಾಗಿದ್ದರೆ, ಅಲ್ಲೇ ನಿಲ್ಲಿಸಿ. ಕೆಲವು ಇಂಜಿನ್ನುಗಳಲ್ಲಿ ಒಂದೇ ಬೆಲ್ಟ್ ಡೈನಮೋವನ್ನೂ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹರಿದಿದ್ದರೆ ಎರಡೂ ನಿಂತಿವೆ. ಇಂಜಿನ್ ಆಫ್ ಮಾಡಿ ಬಾನೆಟ್ ತೆಗೆದರೆ ಕಣ್ಣಿಗೇ ಕಾಣುತ್ತದೆ.

ಬೆಲ್ಟ್ ಸರಿ ಇದ್ದರೆ ಟರ್ಮಿನಲ್ ನೋಡಿ. ಬಿಳಿ, ಹಸಿರು ಬೂಷ್ಟಿನ ಥರ ಕಟ್ಟಿದೆಯಾ? ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತದಾ? ಬಿಚ್ಚುವುದಾದರೆ ಇಂಜಿನ್ ಆಫ್ ಮಾಡಿ, ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೈನಸ್ ಕೊನೆಗೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿದರೆ ಹೋಗುತ್ತದೆ. ಕಣ್ಣಿಗೆ ಕೈಗೆ ತಾಗದ ಹಾಗೆ ನೋಡಿಕೊಳ್ಳಿ, ಒಳಗಿರುವುದು ಆ್ಯಸಿಡ್. ಹತ್ತಿರ ಬೀಡಿ, ಸಿಗರೇಟು ಬೇಡವೇ ಬೇಡ, ಬ್ಯಾಟರಿಯಿಂದ ಬರುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ.

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ಆಸುಪಾಸು. ಓಡುವಾಗಲೂ 12ರಲ್ಲೇ ಇದ್ದು ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ. ಸ್ಮಾರ್ಟ್ ಚಾರ್ಜಿಂಗ್ ಇರುವ ಹೊಸ ಕಾರುಗಳಲ್ಲಿ ವೋಲ್ಟೇಜ್ ಏರಿಳಿಯುವುದು ಸಹಜ.

ಹಳೆಯ ಕೈಗಳು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಎಳೆದು "ನಿಲ್ಲಲಿಲ್ಲ ನೋಡಿ, ಡೈನಮೋ ಚೆನ್ನಾಗಿದೆ" ಅನ್ನುತ್ತಾರೆ. ಅಂಬಾಸಿಡರ್ ಕಾಲಕ್ಕೆ ಅದು ನಡೆಯಿತು. ಈಗಿನ ಗಾಡಿಯಲ್ಲಿ ಆ ಕ್ಷಣಕ್ಕೆ ವೋಲ್ಟೇಜ್ ಹಾರಿ ಕಂಪ್ಯೂಟರೇ ಸುಟ್ಟುಹೋಗಬಹುದು. ಯಾರಾದರೂ ಕೈ ಹಾಕಿದರೆ ಬೇಡ ಅನ್ನಿ.

ಒಂದೇ ಸಲ ಐದಾರು ದೀಪ

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಸ್ಟೇರಿಂಗ್, ಏರ್‌ಬ್ಯಾಗ್, ಟ್ರಾಕ್ಷನ್ (ಚಕ್ರ ಜಾರದಂತೆ ತಡೆಯುವುದು), ಎಲ್ಲಾ ಒಟ್ಟಿಗೆ ಹತ್ತಿವೆ. ಇಷ್ಟೂ ಪಾರ್ಟುಗಳು ಒಂದೇ ದಿನ ಹೋಗುತ್ತವೆಯಾ? ಇಲ್ಲ. ಇಂಥ ಕಡೆ ಮೊದಲು ಕರೆಂಟ್ ಕಡೆಗೇ ನೋಡಬೇಕು. ಬ್ಯಾಟರಿ ಸೊರಗಿದರೆ ಒಂದೊಂದೇ ಕಂಟ್ರೋಲ್ ಬಾಕ್ಸ್ ತನಗೆ ವೋಲ್ಟೇಜ್ ಸಾಲದು ಅಂತ ದೂರು ಕೊಡುತ್ತದೆ. ಸ್ಟಾರ್ಟ್ ಮಾಡುವಾಗ ಟಕ ಟಕ ಟಕ ಅಂತ ಸದ್ದು ಬಂದು ದೀಪಗಳು ಮಂಕಾದರೆ ಬ್ಯಾಟರಿಯೇ ಕಾರಣ. ನಮ್ಮ ಬಿಸಿಲಿಗೆ ಮೂರು ನಾಲ್ಕು ವರ್ಷ ಬಾಳಿದ ಬ್ಯಾಟರಿ ಆಗಿದ್ದರೆ ಅದು ತನ್ನ ಕೆಲಸ ಮಾಡಿ ಮುಗಿಸಿದೆ ಅಂತಲೇ ತಿಳಿಯಿರಿ.

ಜಂಪ್ ಸ್ಟಾರ್ಟ್ ಮಾಡುವುದಾದರೆ ಕ್ರಮ ಹೀಗೆ. ಕೆಂಪು ವೈರ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಸತ್ತ ಗಾಡಿಯ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿ ಉಬ್ಬಿದ್ದರೆ, ಒಡೆದಿದ್ದರೆ ಇದಕ್ಕೆ ಕೈ ಹಾಕಬೇಡಿ.

ಬ್ಯಾಟರಿ ಚೆನ್ನಾಗಿದ್ದರೆ ಅನುಮಾನ ಇಲಿಯ ಮೇಲೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಂತ ಗಾಡಿಯ ವೈರುಗಳು ಅವಕ್ಕೆ ಬಲು ಇಷ್ಟ. ಬಾನೆಟ್ ಒಳಗೆ ಹಿಕ್ಕೆ, ಕಡಿದ ಫೋಮ್, ತೊಗಟೆ ಸುಲಿದ ವೈರ್ ಹುಡುಕಿ. ಕಂಡರೆ ಟೇಪ್ ಸುತ್ತಿ ಸ್ಟಾರ್ಟ್ ಮಾಡಲು ಹೋಗಬೇಡಿ, ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಫೋಟೋ ತೆಗೆದಿಡಿ, ಇನ್ಶೂರೆನ್ಸ್‌ನವರನ್ನು ಕೇಳುವಾಗ ಬೇಕಾಗುತ್ತದೆ.

ಮಳೆ ನೀರಿನಲ್ಲಿ ಮುಳುಗಿದ ಗಾಡಿಯಾದರೆ ಕೀಯನ್ನೇ ತಿರುಗಿಸಬೇಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು ಕಡೆ ಬೇಸ್‌ಮೆಂಟುಗಳಲ್ಲಿ ನೀರು ನಿಂತಾಗ ಆದಂಥ ಸ್ಥಿತಿಯಲ್ಲಿ, ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಒಂದು ಸೆಲ್ಫ್ ಸಾಕು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ದೀಪ ಏನು ಹೇಳುತ್ತದೆ ಅಂತ ನೋಡುವ ಆಸೆಯನ್ನೂ ಬಿಡಿ.

ಕೆಂಪು ವೃತ್ತದಲ್ಲಿ ಆಶ್ಚರ್ಯಸೂಚಕ ಚಿಹ್ನೆ

ಬ್ರೇಕಿನದು. ಎಷ್ಟೋ ಸಲ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿರುವುದಿಲ್ಲ, ಅಷ್ಟೇ. ಒಮ್ಮೆ ಎತ್ತಿ ಪೂರ್ತಿ ಇಳಿಸಿ. ಆರಲಿಲ್ಲ ಅಂದರೆ ಗಾಡಿ ನಿಂತಿರುವಾಗಲೇ ಪೆಡಲ್ ಒತ್ತಿ ನೋಡಿ. ಗಟ್ಟಿಯಾಗಿ ನಿಲ್ಲಬೇಕು. ಮೆತ್ತಗಿದ್ದರೆ, ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿಯುತ್ತಿದ್ದರೆ, ಅಲ್ಲಿಗೆ ಪ್ರಯಾಣ ಮುಗಿಯಿತು. ಟೋಯಿಂಗ್ ಕರೆಸಿ. ಓಡುತ್ತಿರುವಾಗಲೇ ಪೆಡಲ್ ಕೆಳಗೆ ಹೋದರೆ ಬೇಗ ಬೇಗ ಪಂಪ್ ಮಾಡಿ, ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆಯಿರಿ.

ಪೆಡಲ್ ಗಟ್ಟಿ ಇದ್ದರೆ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಲೆವೆಲ್ ಕೆಳಗಿನ ಗೆರೆಗೆ ಬಂದಿದ್ದರೆ ಎರಡೇ ಕಾರಣ. ಒಂದೋ ಎಲ್ಲೋ ಸೋರುತ್ತಿದೆ, ಇಲ್ಲವೇ ಬ್ರೇಕ್ ಪ್ಯಾಡ್ ಸವೆದಿದೆ. ಪ್ಯಾಡ್ ತೆಳ್ಳಗಾದಷ್ಟೂ ಡಬ್ಬಿಯ ಆಯಿಲ್ ಕೆಳಗೆ ಹೋಗಿ ಆ ಜಾಗ ತುಂಬುತ್ತದೆ. ಆದ್ದರಿಂದ ಸುಮ್ನೆ ಟಾಪ್ ಅಪ್ ಮಾಡಿ ದೀಪ ಆರಿಸುವುದು ಅಂದರೆ ಸುಳಿವನ್ನೇ ಅಳಿಸಿದ ಹಾಗೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಬೇಕು. ಅವಸರಕ್ಕೆ ಇಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಹಳದಿ ಎಬಿಎಸ್ ದೀಪ ಒಂದೇ ಇದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರಬಹುದು. ಮಳೆಯಲ್ಲಿ ಮುಂದಿನ ಗಾಡಿಯಿಂದ ದೂರ ಜಾಸ್ತಿ ಇಟ್ಟುಕೊಂಡು ಹೋಗಿ. ಕೆಸರಿನ ರಸ್ತೆಯಿಂದ ಬಂದ ಮೇಲೆ ಹತ್ತಿದ್ದರೆ ಮೊದಲು ಚಕ್ರದ ಒಳಭಾಗ ಚೆನ್ನಾಗಿ ತೊಳೆಸಿ. ಅಲ್ಲಿರುವ ಸೆನ್ಸರಿಗೆ ಮಣ್ಣು ಮೆತ್ತಿದರೂ ದೀಪ ಬರುತ್ತದೆ. ಕೆಂಪು ಬ್ರೇಕ್ ದೀಪವೂ ಹಳದಿ ಎಬಿಎಸ್ಸೂ ಒಟ್ಟಿಗೆ ಬಂದರೆ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆಯೂ ಕೈಕೊಟ್ಟಿರಬಹುದು. ಅದನ್ನು ಕೆಂಪು ದೀಪ ಅಂತಲೇ ಎಣಿಸಿ.

ಹಳದಿ ಇಂಜಿನ್ ಚಿತ್ರ

ಜನರನ್ನು ಹೆಚ್ಚು ಗೋಳಾಡಿಸುವ ದೀಪ ಇದು. ಕಾರಣಗಳು ಸಣ್ಣದರಿಂದ ದೊಡ್ಡದರವರೆಗೆ ನೂರಾರು. ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ, 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತ ಬಂದ ಮೇಲೆ ಗಾಡಿ ತನ್ನ ಹೊಗೆಯ ಮೇಲೆ ತಾನೇ ಹೆಚ್ಚು ಕಣ್ಣಿಡುತ್ತದೆ. ಹಾಗಾಗಿ ಓಡಿಸುವಾಗ ಏನೂ ಗೊತ್ತಾಗದಿದ್ದರೂ ದೀಪ ಹತ್ತಬಹುದು.

ಮಿನುಗುತ್ತಿದ್ದರೆ ಅದು ಬೇರೆ ಕಥೆ. ಸಾಮಾನ್ಯವಾಗಿ ಆಗ ಇಂಜಿನ್ ನಡುಗುತ್ತದೆ, ಪಿಕಪ್ ಇರುವುದಿಲ್ಲ, ಗ್ಯಾರೇಜ್ ಭಾಷೆಯಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಳ್ಳುತ್ತದೆ. ಕಿಡಿ ಹೊತ್ತಿಸುವ ಕಾಯಿಲ್, ಪ್ಲಗ್ಗಿನಲ್ಲಿ ಮುಗಿಯಬೇಕಾದ ಖರ್ಚು ಹತ್ತಾರು ಪಟ್ಟು ಆಗುವುದು ಹೀಗೆ. ಆಕ್ಸಿಲರೇಟರಿಂದ ಕಾಲು ತೆಗೆದು ನಿಧಾನ ಮಾಡಿ. ಮಿನುಗುವುದು ನಿಲ್ಲದಿದ್ದರೆ ಗಾಡಿ ನಿಲ್ಲಿಸಿ.

ಸುಮ್ಮನೆ ಹತ್ತಿ ನಿಂತಿದ್ದರೆ, ಗಾಡಿ ಎಂದಿನಂತೆ ಓಡುತ್ತಿದ್ದರೆ, ಗಾಬರಿ ಬೇಡ. ಪೆಟ್ರೋಲ್ ಮುಚ್ಚಳ ಟಕ್ ಅನ್ನುವ ತನಕ ತಿರುಗಿದೆಯಾ ನೋಡಿ. ಕೆಲವು ಗಾಡಿಗಳಲ್ಲಿ ಅಷ್ಟಕ್ಕೇ ದೀಪ ಹತ್ತುತ್ತದೆ. ಬಿಗಿ ಮಾಡಿದ ತಕ್ಷಣ ಆರುವುದಿಲ್ಲ, ನಾಲ್ಕಾರು ಸಲ ಓಡಿಸಿದ ಮೇಲೆ ಆರುತ್ತದೆ. ಹೊಸ ಬಂಕಿನಲ್ಲಿ ತುಂಬಿಸಿದ ಮೇಲೆ ಬಂತಾ? ಏರ್ ಫಿಲ್ಟರ್ ಬದಲಿಸಿದ ಮರುದಿನ ಬಂತಾ? ಹಾಗಿದ್ದರೆ ಫಿಲ್ಟರ್ ಡಬ್ಬಿಯ ಪೈಪ್, ಕ್ಲಿಪ್, ಕಳಚಿದ ಕನೆಕ್ಟರ್ ಹುಡುಕಿ.

ಮುಂದಿನ ಹೆಜ್ಜೆ ಸ್ಕ್ಯಾನ್. ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದಲು 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಕೆಲವು ನೂರು ರೂಪಾಯಿಯ ಬ್ಲೂಟೂತ್ ರೀಡರ್ ಅದಕ್ಕೆ ಚುಚ್ಚಿ ಫೋನಿನಲ್ಲೇ ಕೋಡ್ ಓದಬಹುದು. ಕೋಡ್ ಬರೆದಿಟ್ಟುಕೊಳ್ಳಿ. ಅಳಿಸಲು ಅವಸರ ಮಾಡಬೇಡಿ. ದೋಷ ಬಂದ ಹೊತ್ತಿನ ವೇಗ, ಬಿಸಿ, ಆರ್‌ಪಿಎಂ ಕೂಡ ಅದರ ಜೊತೆ ದಾಖಲಾಗಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ.

ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಕೋಡಿನಲ್ಲಿ ಯಾವ ಹೆಸರು ಬರುತ್ತದೋ ಆ ಪಾರ್ಟ್ ಬದಲಿಸಿಬಿಡುತ್ತಾರೆ. ಪಿ0171 ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಅದನ್ನು ಕಂಡುಹಿಡಿದು ವರದಿ ಕೊಟ್ಟಿದ್ದು ಆಕ್ಸಿಜನ್ ಸೆನ್ಸರ್. ಎಷ್ಟೋ ಕಡೆ ವರದಿ ಕೊಟ್ಟ ಸೆನ್ಸರನ್ನೇ ಕಿತ್ತು ಹೊಸದು ಹಾಕುತ್ತಾರೆ. ನಿಜವಾದ ಕಾರಣ ಬಿರುಕು ಬಿಟ್ಟ ಗಾಳಿ ಪೈಪೋ, ಕಟ್ಟಿಕೊಂಡ ಫ್ಯೂಯಲ್ ಫಿಲ್ಟರೋ ಆಗಿರುತ್ತದೆ. ವಾರದೊಳಗೆ ದೀಪ ಮತ್ತೆ ಹಾಜರ್. ಪಿ0420 ಬಂದರೂ ಅಷ್ಟೇ. ಕನ್ವರ್ಟರ್ ಬದಲಿಸುವ ಮೊದಲು ಸೈಲೆನ್ಸರ್ ಪೈಪ್ ಸೋರುತ್ತಿದೆಯಾ, ಮೊದಲಿಂದ ಮಿಸ್ಸಿಂಗ್ ಇತ್ತಾ ಅಂತ ನೋಡಿಸಿ.

ಪಿ0301 ಬಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್. ಪ್ರತಿ ಪ್ಲಗ್ಗಿಗೂ ಬೇರೆ ಬೇರೆ ಕಾಯಿಲ್ ಇರುವ ಇಂಜಿನ್ ಆಗಿದ್ದರೆ, ಪೂರ್ತಿ ತಣ್ಣಗಾದ ಮೇಲೆ ಒಂದನೇ ಕಾಯಿಲನ್ನು ಎರಡನೆಯದರ ಜಾಗಕ್ಕೆ ಅದಲು ಬದಲು ಮಾಡಿ. ಕೋಡ್ ಅಳಿಸಿ ಸ್ವಲ್ಪ ಓಡಿಸಿ. ಈಗ ಪಿ0302 ಬಂದರೆ ದೋಷ ಕಾಯಿಲಿನ ಜೊತೆಗೇ ಹೋಗಿದೆ, ಕಾಯಿಲ್ ಬದಲಿಸಿ. ಮತ್ತೆ 0301 ಅಂದರೆ ಪ್ಲಗ್, ಆಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ನೋಡಿಸಿ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು.

ಡೀಸೆಲ್ ಗಾಡಿಯವರಿಗೆ

ಸುರುಳಿ ಚಿತ್ರ, ಸ್ಟಾರ್ಟ್ ಆಗುವ ಮೊದಲು ಇಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್ಗಿನದು. ಬೆಳಗ್ಗೆ ಅದು ಆರಿದ ಮೇಲೆ ಸೆಲ್ಫ್ ಹೊಡೆಯಿರಿ. ಓಡುವಾಗ ಅದೇ ಮಿನುಗಿದರೆ ಕೆಲವು ಕಂಪನಿಗಳ ಗಾಡಿಗಳಲ್ಲಿ ಇಂಜಿನ್ ದೋಷ ಅಂತ ಅರ್ಥ.

ಹನಿಗಳಿರುವ ಫಿಲ್ಟರ್ ಚಿತ್ರ ಬಂದರೆ ಡೀಸೆಲ್ ಫಿಲ್ಟರಿನಲ್ಲಿ ನೀರು ಸೇರಿದೆ. ಬೇಗ ಬಸಿಸಿ, ಇಂಜೆಕ್ಟರಿಗೆ ನೀರು ಹೋದರೆ ಬಿಲ್ ನೋಡಲಾಗದು.

ಸೈಲೆನ್ಸರ್ ಡಬ್ಬಿಯೊಳಗೆ ಚುಕ್ಕಿಗಳಿರುವ ಚಿತ್ರ ಬಿಎಸ್6 ಡೀಸೆಲಿನವರಿಗೆ ಹೆಚ್ಚು ಪರಿಚಯ. ಅದು ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಫಿಲ್ಟರ್. ಹೊಗೆಯ ಮಸಿಯನ್ನು ಹಿಡಿದಿಟ್ಟು, ಆಗಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ತಾನೇ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ದಿನಾ ಮನೆಯಿಂದ ಆಫೀಸಿಗೆ ನಾಲ್ಕೈದು ಕಿಲೋಮೀಟರ್ ಜಾಮಿನಲ್ಲಿ ಓಡಿಸಿದರೆ ಅಷ್ಟು ಬಿಸಿಯೇ ಸಿಗುವುದಿಲ್ಲ. ದೀಪ ಬಂದರೆ ಖಾಲಿ ಹೈವೇಗೆ ತೆಗೆದುಕೊಂಡು ಹೋಗಿ, 60ಕ್ಕಿಂತ ಮೇಲೆ, 2000 ಆರ್‌ಪಿಎಂ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಸರಿ. ಆಮೇಲೆ ಒಣಹುಲ್ಲು, ತರಗೆಲೆ ಮೇಲೆ ನಿಲ್ಲಿಸಬೇಡಿ. ಕೆಳಗಿನ ಶಾಖಕ್ಕೆ ಹೊತ್ತಿಕೊಳ್ಳುತ್ತದೆ, ತೋಟದವರಿಗೆ ಇದು ಮುಖ್ಯ.

ಡಿಪಿಎಫ್ ದೀಪದ ಜೊತೆ ಇಂಜಿನ್ ದೀಪವೂ ಹತ್ತಿ ಬಲ ಕಮ್ಮಿಯಾದರೆ ಹೈವೇ ಪ್ರಯೋಗ ನಿಲ್ಲಿಸಿ, ಸರ್ವಿಸ್ ಸೆಂಟರಿಗೆ ಹೋಗಿ. ಡಿಪ್‌ಸ್ಟಿಕ್ಕನ್ನೂ ನೋಡಿ. ಹಾಕದೇ ಇದ್ದರೂ ಆಯಿಲ್ ಮೇಲಿನ ಗುರುತು ದಾಟಿದ್ದರೆ, ಅರ್ಧಕ್ಕೇ ನಿಂತ ಸುಡುವಿಕೆಯಿಂದ ಡೀಸೆಲ್ ಇಳಿದು ಆಯಿಲಿಗೆ ಸೇರಿದೆ. ಬದಲಿಸದೆ ಓಡಿಸಬೇಡಿ.

ಟೈರ್ ಸೀಳಿದಂಥ ಹಳದಿ ಚಿತ್ರ

ಗಾಳಿ ಕಮ್ಮಿ. ಇಳಿದು ನಾಲ್ಕೂ ಟೈರ್ ನೋಡಿ. ಒಂದು ಚಪ್ಪಟೆಯಾಗಿದ್ದರೆ ಪಂಕ್ಚರ್. ನಾಲ್ಕೂ ಸ್ವಲ್ಪ ಸ್ವಲ್ಪ ಇಳಿದಿದ್ದರೆ, ಅದೂ ಮಡಿಕೇರಿಯ ಚಳಿ ಬೆಳಗ್ಗೆ, ಹವೆಯದೇ ಕೆಲಸ. ಹತ್ತು ಡಿಗ್ರಿ ತಂಪಾದರೆ ಸುಮಾರು ಎರಡು ಪಿಎಸ್‌ಐ ಇಳಿಯುತ್ತದೆ. ಎಷ್ಟು ಗಾಳಿ ಬೇಕು ಅನ್ನುವುದು ಹೆಚ್ಚಾಗಿ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ ಇರುತ್ತದೆ, ಟೈರ್ ಮೇಲೆ ಬರೆದಿರುವುದು ಗರಿಷ್ಠ ಮಿತಿ. ದೀಪ ಮೊದಲು ಒಂದು ನಿಮಿಷ ಮಿನುಗಿ ಆಮೇಲೆ ನಿಂತರೆ ಟೈರಲ್ಲ, ಸೆನ್ಸರ್.

ಏರ್‌ಬ್ಯಾಗ್, ಸ್ಟೇರಿಂಗ್, ಕೀ

ಕೂತ ಮನುಷ್ಯನ ಮುಂದೆ ಚೆಂಡಿನ ಚಿತ್ರ ಆರದಿದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದೇ ಇರಬಹುದು. ಸೀಟಿನ ಕೆಳಗೆ ಛತ್ರಿ, ನೀರಿನ ಬಾಟಲಿ ತುರುಕಿ ಅಲ್ಲಿನ ಕನೆಕ್ಟರ್ ಸಡಿಲವಾಗುವುದು ಮಾಮೂಲಿ ಕಾರಣ. ನೀವು ಮಾಡಬಹುದಾದ್ದು ಆ ಸಾಮಾನು ತೆಗೆಯುವುದು ಮಾತ್ರ. ಹಳದಿ ಕನೆಕ್ಟರುಗಳನ್ನು ಬಿಚ್ಚಬೇಡಿ, ಮಲ್ಟಿಮೀಟರ್ ಹಚ್ಚಲೇಬೇಡಿ. ಅಷ್ಟು ಸಣ್ಣ ಕರೆಂಟಿಗೂ ಬ್ಯಾಗ್ ಸಿಡಿಯಬಹುದು. ತರಬೇತಿ ಇರುವವರ ಕೆಲಸ ಇದು.

ಸ್ಟೇರಿಂಗ್ ಚಿತ್ರ ಹತ್ತಿ ತಿರುಗಿಸುವುದು ಭಾರವಾದರೆ ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ ಆನ್ ಮಾಡಿ. ಮತ್ತೆ ಬಂದರೆ ಬ್ಯಾಟರಿ ವೋಲ್ಟೇಜ್ ಅಳೆಸಿ, ಅಲ್ಲಿಂದಲೇ ಶುರು ಮಾಡುವುದು ಅಗ್ಗ.

ಕಾರಿನ ಮೇಲೆ ಕೀ ಅಥವಾ ಬೀಗದ ಚಿತ್ರ ಮಿನುಗಿ ಸ್ಟಾರ್ಟ್ ಆಗದಿದ್ದರೆ ಕೀ ಗುರುತು ಸಿಕ್ಕಿಲ್ಲ. ಇನ್ನೊಂದು ಕೀ ಪ್ರಯತ್ನಿಸಿ. ಬಟನ್ ಗಾಡಿಯಾದರೆ ರಿಮೋಟನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿ. ಆಮೇಲೆ ರಿಮೋಟಿನ ಸೆಲ್ ಬದಲಿಸಿ.

ಎಲೆಕ್ಟ್ರಿಕ್ ಗಾಡಿಯಲ್ಲಿ ಆಮೆ ಚಿತ್ರ ಬಂದರೆ ಬಲ ಕಮ್ಮಿ ಮಾಡಿಕೊಂಡಿದೆ ಅಂತ. ಸಾಮಾನ್ಯವಾಗಿ ಚಾರ್ಜ್ ತಳ ಮುಟ್ಟಿರುತ್ತದೆ ಅಥವಾ ಬ್ಯಾಟರಿ ಬಿಸಿಯಾಗಿರುತ್ತದೆ. ಬಾನೆಟ್ ಒಳಗಿನ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಗ್ಯಾರೇಜಿಗೆ ಹೋದಾಗ

"ದೀಪ ಬರ್ತಿದೆ" ಅಂತಷ್ಟೇ ಹೇಳಿದರೆ ಸಾಲದು. ಯಾವ ಚಿತ್ರ, ಯಾವ ಬಣ್ಣ, ನಿಂತಿತ್ತಾ ಮಿನುಗಿತ್ತಾ, ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಏರಿನಲ್ಲೋ ಸಿಗ್ನಲ್‌ನಲ್ಲೋ, ಹಿಂದಿನ ದಿನ ಏನಾದರೂ ರಿಪೇರಿ ಆಗಿತ್ತಾ, ಇಷ್ಟು ಹೇಳಿ. ದೀಪ ಹತ್ತಿದಾಗಲೇ ಪಕ್ಕದವರ ಹತ್ತಿರ ಫೋಟೋ ತೆಗೆಸಿಕೊಂಡರೆ ಒಳ್ಳೆಯದು, ಗ್ಯಾರೇಜ್ ತಲುಪುವಷ್ಟರಲ್ಲಿ ಅದು ಆರಿಹೋಗುವುದುಂಟು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ 1033ಕ್ಕೆ, ಅಪಘಾತ, ಬೆಂಕಿ ಅಂದರೆ 112ಕ್ಕೆ ಕರೆ ಮಾಡಿ.

"ಸೆನ್ಸರ್ ಹೋಗಿದೆ ಸಾರ್" ಅಂದರೆ ಯಾವ ಪರೀಕ್ಷೆ ಮಾಡಿ ಗೊತ್ತಾಯಿತು ಅಂತ ನಯವಾಗಿ ಕೇಳಿ. ಕೋಡ್ ಬರೆಸಿಕೊಳ್ಳಿ, ಬದಲಿಸಿದ ಹಳೆಯ ಪಾರ್ಟ್ ವಾಪಸ್ ಕೇಳಿ. ವಾರಂಟಿ ಇನ್ನೂ ಇದ್ದರೆ ಹೊರಗಡೆ ವೈರ್ ಕತ್ತರಿಸಲು ಬಿಡಬೇಡಿ.